ಸೆರಗಿನಲ್ಲಿ ಔಷಧದ ವಾಸನೆ

ಕಳೆದ ವರ್ಷದ ಬೇಸಿಗೆಯಲ್ಲಿ ಎರಡು ವಾರ ರಾಯಚೂರು ಜಿಲ್ಲೆಯ ನಮ್ಮ ಊರಿನಲ್ಲಿ ಅವ್ವನ ಜೊತೆ ಇದ್ದೆ. ಮೊದಲ ದಿನ ರಾತ್ರಿ ಊಟಕ್ಕೆ ಕುಳಿತಾಗ ಆಕೆ ರೊಟ್ಟಿ ಬಡಿಸಲು ನನ್ನ ಕಡೆ ಬಾಗಿದಳು. ಸೆರಗಿನಿಂದ ಒಂದು ವಾಸನೆ ಬಂತು. ಆಸ್ಪತ್ರೆಯ ವರಾಂಡವನ್ನು ಆಗತಾನೇ ಒರೆಸಿದಾಗ ಬರುವಂಥ, ಫಿನಾಯಿಲ್‌ಗೆ ಹತ್ತಿರದ, ಸ್ವಲ್ಪ ಖಾರವಾದ ವಾಸನೆ. ಮನೆ ಒರೆಸಿದ್ದಾಳೇನೋ ಎಂದುಕೊಂಡು ಸುಮ್ಮನಾದೆ. ಮಾರನೆಯ ಬೆಳಿಗ್ಗೆ ಒಗೆಯಲು ಹಾಕಿದ್ದ ಆಕೆಯ ಸೀರೆಗಳನ್ನು ಎತ್ತಿಕೊಂಡಾಗ ಅದೇ ವಾಸನೆ ನಾಲ್ಕೂ ಸೀರೆಗಳ ಸೊಂಟದ ಭಾಗದಲ್ಲಿತ್ತು. ಆಗ ಹೊಳೆಯಿತು. ಸಕ್ಕರೆ ಕಾಯಿಲೆಗೆ ಅವ್ವ ಚುಚ್ಚಿಕೊಳ್ಳುವ ಇನ್ಸುಲಿನ್ ಕೆಡದಿರಲಿ ಎಂದು ಅದರಲ್ಲಿ ಮೆಟಾಕ್ರೆಸಾಲ್, ಫೀನಾಲ್ ಜಾತಿಯ ಸಂರಕ್ಷಕಗಳನ್ನು ಬೆರೆಸಿರುತ್ತಾರೆ. ಆ ವಾಸನೆ ಅವುಗಳದ್ದು. ಅವ್ವನ ಹೊಟ್ಟೆಯೊಳಗೆ ಹೋಗಬೇಕಾಗಿದ್ದ ಔಷಧ ದಿನಕ್ಕೆರಡು ಬಾರಿ ಆಕೆಯ ಸೀರೆಗೆ ಹೋಗುತ್ತಿತ್ತು.

ಅಂದು ಬೆಳಿಗ್ಗೆ ಆಕೆ ಪೆನ್ನನ್ನು, ಅಂದರೆ ಇನ್ಸುಲಿನ್ ತುಂಬಿದ ಪೆನ್ನಿನಾಕಾರದ ಸಾಧನವನ್ನು, ಚುಚ್ಚಿಕೊಳ್ಳುವಾಗ ಪಕ್ಕದಲ್ಲಿ ಕುಳಿತು ನೋಡಿದೆ. ಪೆನ್ನು ಬಂದು ಎಂಟು ತಿಂಗಳಾಗಿದ್ದರೂ ನಾನು ಅದನ್ನು ಹೀಗೆ ಕುಳಿತು ನೋಡಿದ್ದು ಅದೇ ಮೊದಲು. ಮುಚ್ಚಳ ತೆಗೆದಳು. ಸೂಜಿ ಹಿಂದಿನ ದಿನದ್ದೇ, ಪೆನ್ನಿನಲ್ಲಿಯೇ ಇತ್ತು. ಗುಂಡಿಯನ್ನು ಟಕ್ ಟಕ್ ಎಂದು 28ಕ್ಕೆ ತಿರುಗಿಸಿದಳು. ಹೊಕ್ಕುಳಿನ ಬಲಬದಿಗೆ ಚುಚ್ಚಿ, ಹೆಬ್ಬೆರಳಿನಿಂದ ಗುಂಡಿ ಒತ್ತಿ, ಒತ್ತಿದ ಮರುಕ್ಷಣವೇ ಹೊರಗೆಳೆದಳು. ಸೂಜಿಯ ತುದಿಯಲ್ಲಿ ಒಂದು ಹನಿ ತೂಗಾಡುತ್ತಿತ್ತು. ಅದು ಬಿದ್ದ ಹಿಂದೆಯೇ ಇನ್ನೊಂದು ಹನಿ ಮೂಡಿತು. ಆಕೆ ಹೊಟ್ಟೆಯನ್ನೂ ಸೂಜಿಯನ್ನೂ ಸೆರಗಿನಿಂದ ಒರೆಸಿ ಮುಚ್ಚಳ ಹಾಕಿದಳು. ಎಲ್ಲ ಸೇರಿ ಅರ್ಧ ನಿಮಿಷವೂ ಆಗಲಿಲ್ಲ. "ಚುಚ್ಚಿದ್ದು ಗೊತ್ತೇ ಆಗೂದಿಲ್ಲ ನೋಡು" ಎಂದು ಸಮಾಧಾನದಿಂದ ಹೇಳಿದಳು.

"ಏನೋ ತಿಂದಿರಬೇಕು"

ಆ ಎಂಟು ತಿಂಗಳು ನಾವು ಆಕೆಗೆ ಏನು ಮಾಡಿದೆವು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಪೆನ್ನು ಶುರುವಾದಾಗ ಬೆಳಿಗ್ಗೆ 18 ಯೂನಿಟ್, ರಾತ್ರಿ 12 ಯೂನಿಟ್ ಬರೆದುಕೊಟ್ಟಿದ್ದರು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 10ರಿಂದ ಕೆಳಗಿಳಿಯಲಿಲ್ಲ. ಡೋಸ್ ಏರಿಸಿದರು. ಮತ್ತೆ ಏರಿಸಿದರು. ಕೊನೆಗೆ ಅದು 28 ಮತ್ತು 20 ಆಯಿತು. ಪ್ರತಿ ಸಲವೂ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಊಟದ ಬಗ್ಗೆ, ಎರಡನೆಯ ಪ್ರಶ್ನೆ ನಡಿಗೆಯ ಬಗ್ಗೆ. ಬೆಂಗಳೂರಿನಿಂದ ಫೋನಿನಲ್ಲಿ ನಾನು ಕೇಳುತ್ತಿದ್ದುದೂ ಅದನ್ನೇ. ಸೀಗಿ ಹುಣ್ಣಿಮೆಗೆ ಹೋಳಿಗೆ ತಿಂದೆಯಾ, ಮದುವೆ ಮನೆಯಲ್ಲಿ ಬುಂದಿ ತಿಂದೆಯಾ, ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತೀಯಾ ಎಂದು. "ಏನೂ ತಿಂದಿಲ್ಲ ನಾ" ಎಂದು ಆಕೆ ಹೇಳಿದಾಗ ನಾನು ನಂಬಲಿಲ್ಲ. ತಮ್ಮನಿಗೆ ಹೇಳಿ ಅಡುಗೆಮನೆಯ ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲೆ ಇಡಿಸಿದೆ. ಅರವತ್ತೆಂಟು ವರ್ಷದ ಹೆಂಗಸಿಗೆ, ಜೀವನವಿಡೀ ಬೇರೆಯವರಿಗೆ ಬಡಿಸಿ ಉಳಿದದ್ದನ್ನು ತಿಂದವಳಿಗೆ, ಕದ್ದು ತಿನ್ನುತ್ತೀಯಾ ಎಂದು ಮಕ್ಕಳು ಕೇಳಿದ ಹಾಗಾಯಿತು. ಆಕೆ ಅದನ್ನು ಯಾವತ್ತೂ ಎತ್ತಿ ಆಡಿಲ್ಲ. ಹಾಗೆ ಆಡದಿರುವುದೇ ನನ್ನನ್ನು ಹೆಚ್ಚು ಕಾಡುತ್ತದೆ.

ಈ ಆರೋಪ ಅಷ್ಟು ಸುಲಭವಾಗಿ ನಮ್ಮ ಬಾಯಿಗೆ ಬಂದದ್ದಕ್ಕೆ ಕಾರಣವಿದೆ. ಮಾತ್ರೆ ನುಂಗದಿದ್ದರೆ ಪಟ್ಟಿಯಲ್ಲಿ ಮಾತ್ರೆ ಉಳಿದಿರುತ್ತದೆ, ಸಿರಿಂಜಿನಲ್ಲಿ ಔಷಧ ಉಳಿದರೆ ಕಣ್ಣಿಗೆ ಕಾಣುತ್ತದೆ. ಪೆನ್ನು ಮಾತ್ರ ಸರಿಯಾಗಿ ಕೆಲಸ ಮಾಡಿದಾಗಲೂ ಮಾಡದಿದ್ದಾಗಲೂ ಹೊರನೋಟಕ್ಕೆ ಒಂದೇ ತೆರನಾಗಿರುತ್ತದೆ. ಗುಂಡಿ ಒಳಗೆ ಹೋಗುತ್ತದೆ, ಸಂಖ್ಯೆ ಸೊನ್ನೆಗೆ ಬರುತ್ತದೆ, ಒಳಗಿನ ಔಷಧದ ಕೊಳವೆಯಾದ ಕಾರ್ಟ್ರಿಜ್ ಲೆಕ್ಕಕ್ಕೆ ಸರಿಯಾಗಿ ಖಾಲಿಯಾಗುತ್ತದೆ. ಆದರೆ ಮೈಗೆ ಹೋದದ್ದೆಷ್ಟು ಎಂಬುದನ್ನು ಅದು ಎಲ್ಲಿಯೂ ತೋರಿಸುವುದಿಲ್ಲ. ಹೀಗಿರುವಾಗ ಶುಗರ್ ಇಳಿಯದಿದ್ದರೆ ಅನುಮಾನವೆಲ್ಲ ತಟ್ಟೆಯ ಮೇಲೆ ಬೀಳುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅವರಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರ ಮನೆಗಳಲ್ಲಿ ಎಷ್ಟು ಕಡೆ ಬೆಲ್ಲದ ಡಬ್ಬಿ ಅಟ್ಟ ಸೇರಿದೆಯೋ ಎಂದು ಆಮೇಲೆ ಅನೇಕ ಸಲ ಯೋಚಿಸಿದ್ದೇನೆ.

ಪೆನ್ನಿನೊಳಗೆ

ಪೆನ್ನಿನ ಸೂಜಿ ಕೂದಲಿನಷ್ಟು ಸಣ್ಣದು ಎಂದು ಹೆಮ್ಮೆಯಿಂದ ಹೇಳುತ್ತೇವೆ. 32 ಗೇಜಿನ ಸೂಜಿಯ ಹೊರದಪ್ಪ ಕಾಲು ಮಿಲಿಮೀಟರಿಗಿಂತ ಕಡಿಮೆ. ನೋವಾಗದಿರುವುದು ಅದರಿಂದಲೇ, ಆದರೆ ಔಷಧ ನಿಧಾನವಾಗಿ ಹರಿಯುವುದೂ ಅದರಿಂದಲೇ. ಗುಂಡಿ ಪೂರ್ತಿ ಒಳಗೆ ಹೋದ ಮೇಲೂ ಕಾರ್ಟ್ರಿಜ್ಜಿನ ರಬ್ಬರ್ ಬಿರಡೆ ಮೆಲ್ಲಗೆ ಮುಂದೆ ಸರಿಯುತ್ತಿರುತ್ತದೆ. ಹಾಗಾಗಿ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ, ಸೂಜಿಯನ್ನು ಚರ್ಮದೊಳಗೇ ಇರಿಸಿ, ಹತ್ತು ಎಣಿಸಬೇಕು. ಕೆಲವು ಪೆನ್ನುಗಳ ಚೀಟಿಯಲ್ಲಿ ಆರು ಸೆಕೆಂಡು ಎಂದಿರುತ್ತದೆ. ಹತ್ತು ಎಣಿಸಿದರೆ ನಷ್ಟವಿಲ್ಲ. ಒಳಗೆ ಗಾಳಿಗುಳ್ಳೆ ಇದ್ದರಂತೂ ಇನ್ನೂ ನಿಧಾನ. ದ್ರವವನ್ನು ಒತ್ತಿದರೆ ಅದು ತಕ್ಷಣ ಮುಂದೆ ಹೋಗುತ್ತದೆ, ಗಾಳಿಯನ್ನು ಒತ್ತಿದರೆ ಅದು ಮೊದಲು ತಾನು ಕುಗ್ಗಿ, ಆಮೇಲೆ ಹಿಗ್ಗುತ್ತಾ ಔಷಧವನ್ನು ತಳ್ಳುತ್ತದೆ. ಸೂಜಿ ಹೊರಬಂದ ಮೇಲೂ ಹನಿ ಹನಿಯಾಗಿ ತೊಟ್ಟಿಕ್ಕುವುದು ಇದಕ್ಕೇ. ಆ ಗಾಳಿ ಒಳಗೆ ಬಂದದ್ದು ಹೇಗೆಂದರೆ, ಸೂಜಿಯನ್ನು ಪೆನ್ನಿನಲ್ಲೇ ಬಿಟ್ಟಿದ್ದರಿಂದ. ಸೂಜಿ ಇರುವವರೆಗೆ ಕಾರ್ಟ್ರಿಜ್ಜಿಗೆ ಬಾಗಿಲು ತೆರೆದಂತೆ. ಹಗಲಿನ ಬಿಸಿಗೆ ಹಿಗ್ಗಿದ ಔಷಧ ಹೊರಗೆ ಸೋರುತ್ತದೆ, ರಾತ್ರಿಯ ತಂಪಿಗೆ ಕುಗ್ಗಿದಾಗ ಗಾಳಿ ಒಳಗೆ ಬರುತ್ತದೆ.

ಸೂಜಿ ಯಾಕೆ ಬದಲಾಯಿಸಲಿಲ್ಲ ಎಂದು ಅವ್ವನನ್ನು ಕೇಳಿದೆ. ದಿನಕ್ಕೆ ಎರಡರಂತೆ ತಿಂಗಳಿಗೆ ಅರವತ್ತು ಸೂಜಿ ಬೇಕು, ಆಕೆ ಏಳೆಂಟರಲ್ಲಿ ಮುಗಿಸುತ್ತಿದ್ದಳು. "ಇಷ್ಟು ಚೊಲೊ ಇರೋ ಸೂಜಿ ಯಾಕ ಒಗೀಲಿ?" ಎಂದಳು. ಚುಚ್ಚುವ ಮೊದಲು ಪೆನ್ನನ್ನು ಮೇಲ್ಮುಖವಾಗಿ ಹಿಡಿದು 2 ಯೂನಿಟ್ ಹೊರಗೆ ಬಿಟ್ಟು, ಹನಿ ಬಂತೇ ಎಂದು ನೋಡಬೇಕೆಂಬುದು ಆಕೆಗೆ ಗೊತ್ತಿತ್ತು, ಯಾರೋ ಹೇಳಿದ್ದರು. ಅದನ್ನೂ ಮಾಡುತ್ತಿರಲಿಲ್ಲ, ಏಕೆಂದರೆ ಅದು ದುಡ್ಡನ್ನು ಗಾಳಿಗೆ ಚೆಲ್ಲಿದಂತೆ ಕಾಣುತ್ತಿತ್ತು. ಲೆಕ್ಕ ಹಾಕಿ ನೋಡಿದರೆ ಆಕೆಯ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಒಂದು ಕಾರ್ಟ್ರಿಜ್ಜಿನಲ್ಲಿ 3 ಮಿಲಿಲೀಟರ್, ಅಂದರೆ 300 ಯೂನಿಟ್ ಇರುತ್ತದೆ. ದಿನಕ್ಕೆ ಎರಡು ಸಲ 2 ಯೂನಿಟ್ ಚೆಲ್ಲಿದರೆ ತಿಂಗಳಿಗೆ 120 ಯೂನಿಟ್, ಅಂದರೆ ಒಂದು ಕಾರ್ಟ್ರಿಜ್ಜಿನ ಐದರಲ್ಲಿ ಎರಡು ಭಾಗ. ಕೈಯಿಂದ ಹಣ ಕೊಟ್ಟು ಔಷಧ ಕೊಳ್ಳುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಪೆನ್ನು ಬರೆದುಕೊಡುವವರು ಔಷಧದ ಬೆಲೆ ಹೇಳುತ್ತಾರೆ, ಈ 120 ಯೂನಿಟ್‌ಗಳನ್ನೂ ಅರವತ್ತು ಸೂಜಿಗಳನ್ನೂ ಸೇರಿಸಿ ಹೇಳುವುದಿಲ್ಲ. ಮನೆಗೆ ಬಂದ ಮೇಲೆ ಉಳಿತಾಯದ ಕತ್ತರಿ ಮೊದಲು ಬೀಳುವುದು ಈ ಎರಡರ ಮೇಲೆಯೇ.

ಆಕೆಯದು 30/70ರ ಮಿಶ್ರಣ, ಅಂದರೆ ಬೇಗ ಕೆಲಸ ಮಾಡುವುದು 30 ಭಾಗ, ನಿಧಾನದ್ದು 70 ಭಾಗ ಇರುವ, ಹಾಲಿನ ಹಾಗೆ ಬೆಳ್ಳಗಿರುವ ಇನ್ಸುಲಿನ್. ಇಟ್ಟಲ್ಲಿಯೇ ಇದ್ದರೆ ಬಿಳಿ ಭಾಗ ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ಬೆರೆಸದೆ ಚುಚ್ಚಿದರೆ ಒಂದು ದಿನ ಬೇಗ ಕೆಲಸ ಮಾಡುವ ಭಾಗ ಹೆಚ್ಚು ಹೋಗುತ್ತದೆ, ಇನ್ನೊಂದು ದಿನ ನಿಧಾನದ್ದು. ಹತ್ತು ಸಲ ಅಂಗೈಗಳ ನಡುವೆ ಉರುಳಿಸಿ, ಹತ್ತು ಸಲ ಮೇಲೆ ಕೆಳಗೆ ತಿರುಗಿಸಬೇಕು, ಕುಲುಕಬಾರದು. ನಾನು ಇದನ್ನು ಹೇಗೆ ಹೇಳಿಕೊಡುವುದೆಂದು ಯೋಚಿಸುತ್ತಿರುವಾಗಲೇ ಆಕೆ ಪೆನ್ನನ್ನು ಎರಡು ಅಂಗೈಗಳ ಮಧ್ಯೆ ಇಟ್ಟು, "ಬತ್ತಿ ಹೊಸದಂಗ ಅಲ್ಲೇನು?" ಎಂದು ಉರುಳಿಸಿ ತೋರಿಸಿದಳು. ಐವತ್ತು ವರ್ಷ ದೇವರ ಮುಂದೆ ಹತ್ತಿಯ ಬತ್ತಿ ಹೊಸೆದ ಕೈಗಳು. ಒಳಗಿನ ಗಾಜಿನ ಗುಂಡು ಆಚೀಚೆ ಓಡಾಡಿತು, ತಳದ ಬಿಳುಪು ಎದ್ದು ಒಂದೇ ಬಣ್ಣವಾಯಿತು. ಪೆನ್ನಿನ ಬಗ್ಗೆ ಆಕೆಗೆ ಯಾರೂ ಆಕೆಯ ಭಾಷೆಯಲ್ಲಿ, ಆಕೆಯ ಕೈ ಬಲ್ಲ ಕೆಲಸಕ್ಕೆ ಹೋಲಿಸಿ ಹೇಳಿಯೇ ಇರಲಿಲ್ಲವೆಂದು ನನಗೆ ಆಗ ಅರ್ಥವಾಯಿತು. ಡಬ್ಬಿಯಲ್ಲಿದ್ದ ಚೀಟಿ ಇಂಗ್ಲಿಷಿನಲ್ಲಿತ್ತು. ಅದರ ಅಕ್ಷರಗಳು ಪೊರೆ ಬರುತ್ತಿರುವ ಆಕೆಯ ಕಣ್ಣಿಗಿರಲಿ, ನನ್ನ ಕಣ್ಣಿಗೂ ಸಣ್ಣವಾಗಿದ್ದವು.

ಇನ್ನೊಂದು ವಿಷಯ ಆರನೆಯ ದಿನ ಗೊತ್ತಾಯಿತು. ಕಾರ್ಟ್ರಿಜ್ ಮುಗಿಯುವ ಹೊತ್ತಿಗೆ ಅದರಲ್ಲಿ ಉಳಿದದ್ದು ಡೋಸಿಗಿಂತ ಕಡಿಮೆ ಇದ್ದರೆ, ಆಕೆಯ ಪೆನ್ನಿನ ಗುಂಡಿ ನಡುವೆ ನಿಂತುಬಿಡುತ್ತದೆ. ಆಗ ಕಿಂಡಿಯಲ್ಲಿ ಕಾಣುವ ಸಂಖ್ಯೆ ಇನ್ನೂ ಹೋಗಬೇಕಾದ ಯೂನಿಟ್‌ಗಳದ್ದು. ಹೊಸ ಕಾರ್ಟ್ರಿಜ್ ಹಾಕಿ ಅಷ್ಟನ್ನು ಮತ್ತೆ ಚುಚ್ಚಿಕೊಳ್ಳಬೇಕು. ಅವ್ವ ಆ ಸಂಖ್ಯೆಯನ್ನು ನೋಡುತ್ತಿರಲಿಲ್ಲ. "ಔಷಧ ಮುಗೀತು" ಎಂದು ಪೆನ್ನು ಬಿಚ್ಚಿ, ಹೊಸದನ್ನು ಮುಂದಿನ ಹೊತ್ತಿಗೆ ಹಾಕುತ್ತಿದ್ದಳು. ಆರು ದಿನಕ್ಕೊಮ್ಮೆ ಹೀಗೆ ಒಂದು ಡೋಸ್ ಅರ್ಧಕ್ಕೇ ನಿಲ್ಲುತ್ತಿತ್ತು. ಬೆಳ್ಳಗಿನ ಇನ್ಸುಲಿನ್ ಆಗಿದ್ದರೆ, ಗುಂಡು ಓಡಾಡಿ ಬೆರೆಯಲು ಕನಿಷ್ಠ 12 ಯೂನಿಟ್ ಉಳಿದಿರಬೇಕು ಎಂಬುದೂ ಇದರ ಜೊತೆಗಿದೆ. ಕೊನೆಯ ಹನಿಯವರೆಗೆ ಬಳಸಬೇಕೆಂಬ ನಮ್ಮ ಹೆಂಗಸರ ಅಭ್ಯಾಸಕ್ಕೆ ಇದು ನೇರ ವಿರುದ್ಧ.

ಗಂಟು, ಮತ್ತು ಆ ನಸುಕು

ಹೊಕ್ಕುಳಿನ ಬಲಬದಿಯನ್ನು ಮುಟ್ಟಿ ನೋಡಿದಾಗ ಅಲ್ಲಿ ಚರ್ಮದ ಕೆಳಗೆ ನಿಂಬೆಹಣ್ಣಿನಷ್ಟು ದೊಡ್ಡ ಮೆತ್ತನೆಯ ಗಂಟು ಇತ್ತು. ಕಣ್ಣಿಗೆ ಹೆಚ್ಚು ಕಾಣದು, ಬೆರಳಿಗೆ ಚೆನ್ನಾಗಿ ಸಿಗುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿದರೆ, ಅದರಲ್ಲೂ ಹಳೆಯ ಸೂಜಿಯಿಂದ ಚುಚ್ಚಿದರೆ, ಅಲ್ಲಿನ ಕೊಬ್ಬು ಹೀಗೆ ಊದಿಕೊಳ್ಳುತ್ತದೆ. ಅಂಥ ಜಾಗದಲ್ಲಿ ನೋವು ಕಡಿಮೆ. ಆಕೆ ಅದೇ ಜಾಗವನ್ನು ಇಷ್ಟಪಟ್ಟದ್ದು ಅದಕ್ಕಾಗಿಯೇ, "ಗೊತ್ತೇ ಆಗೂದಿಲ್ಲ" ಎಂದದ್ದೂ ಅದಕ್ಕಾಗಿಯೇ. ಆದರೆ ಅಲ್ಲಿಂದ ಇನ್ಸುಲಿನ್ ರಕ್ತಕ್ಕೆ ಸೇರುವುದು ಒಂದೊಂದು ದಿನ ಒಂದೊಂದು ರೀತಿ.

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳಬೇಕು. ಎಲ್ಲವೂ ತಿಳಿಯಿತೆಂಬ ಉತ್ಸಾಹದಲ್ಲಿ ಒಂದೇ ದಿನ ಎಲ್ಲವನ್ನೂ ಸರಿಪಡಿಸಿದೆ. ಹೊಸ ಸೂಜಿ, 2 ಯೂನಿಟ್ ಪರೀಕ್ಷೆ, ಬತ್ತಿ ಹೊಸೆದಂತೆ ಉರುಳಿಸುವುದು, ಹತ್ತು ಎಣಿಕೆ, ಗಂಟಿಲ್ಲದ ಎಡಬದಿ. ಡೋಸ್ ಮಾತ್ರ ಅದೇ 28 ಮತ್ತು 20. ಆ ಸಂಖ್ಯೆಗಳು ಸೋರಿಹೋಗುತ್ತಿದ್ದ ಔಷಧವನ್ನೂ ಗಂಟಿನಲ್ಲಿ ಸಿಕ್ಕಿಬೀಳುತ್ತಿದ್ದ ಔಷಧವನ್ನೂ ತುಂಬಿಕೊಡಲು ಏರಿಸಿದ್ದವೆಂಬುದು ನನಗೆ ಹೊಳೆಯಲಿಲ್ಲ, ಡಾಕ್ಟರಿಗೆ ಒಂದು ಫೋನ್ ಮಾಡಬೇಕೆಂದೂ ಅನ್ನಿಸಲಿಲ್ಲ. ಮೂರನೆಯ ರಾತ್ರಿ ಕಳೆದು ನಸುಕು ಹರಿಯುವ ಮುನ್ನ ಪಕ್ಕದ ಹಾಸಿಗೆಯಲ್ಲಿ ಅವ್ವ ಏನೋ ಗೊಣಗುವುದು ಕೇಳಿಸಿತು. ದೀಪ ಹಾಕಿ ನೋಡಿದರೆ ಕುಪ್ಪಸ ಬೆವರಿನಿಂದ ತೊಯ್ದಿತ್ತು, ದಿಂಬು ಒದ್ದೆಯಾಗಿತ್ತು. ಹೆಸರು ಹಿಡಿದು ಕರೆದರೆ ನನ್ನನ್ನು ತನ್ನ ಸತ್ತುಹೋದ ಅಕ್ಕನ ಹೆಸರಿನಿಂದ ಕರೆದಳು. ಬೆರಳು ಚುಚ್ಚಿ ನೋಡಿದಾಗ ಮೀಟರಿನಲ್ಲಿ ಶುಗರ್ 48 ಬಂತು, ಅಪಾಯವಾಗುವಷ್ಟು ಕಡಿಮೆ. ನುಂಗುವಷ್ಟು ಎಚ್ಚರವಿತ್ತು, ಅದು ನನ್ನ ಪುಣ್ಯ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ, ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದೆ. ಆ ಸಕ್ಕರೆಯ ಡಬ್ಬಿಯೂ ಅಟ್ಟದ ಮೇಲೆಯೇ ಇತ್ತು, ಕತ್ತಲಲ್ಲಿ ಸ್ಟೂಲು ಹತ್ತಿ ಇಳಿಸಿದ್ದೆ. ಹದಿನೈದು ನಿಮಿಷದ ನಂತರ 74 ಆಯಿತು. ಆಕೆ ನನ್ನ ಮುಖ ನೋಡಿ, "ಯಾಕ ಅಳಾಕತ್ತಿ?" ಎಂದು ಕೇಳಿದಳು.

ಬೆಳಗಾದ ಮೇಲೆ ಡಾಕ್ಟರ ಬಳಿ ಹೋದೆವು. ಅಲ್ಲಿನ ನರ್ಸ್ ಒಬ್ಬರು ಗಂಟನ್ನು ಬೆರಳಿನಿಂದ ಸವರಿ, ಬರೆಯುವ ಪೆನ್ನಿನಿಂದ ಅದರ ಸುತ್ತ ಗೆರೆ ಎಳೆದು, ಆ ಗೆರೆಯೊಳಗೆ ಕೆಲವು ತಿಂಗಳು ಚುಚ್ಚಲೇಬಾರದು ಎಂದರು. ಗಂಟಿನ ಜಾಗ ಬಿಟ್ಟು ಹೊಸ ಜಾಗಕ್ಕೆ ಹೋಗುವಾಗ ಡೋಸ್ ಇಳಿಸುವುದು ವಾಡಿಕೆ ಎಂದು ಡಾಕ್ಟರು 20 ಮತ್ತು 14ಕ್ಕೆ ತಂದರು. ಆ ನರ್ಸ್ ಕಂಡಿದ್ದ ಸಂಗತಿಗಳು ಇನ್ನೂ ಇದ್ದವು. ಸೂಜಿಗೆ ಎರಡು ಮುಚ್ಚಳಗಳಿರುತ್ತವೆಂದು ತಿಳಿಯದೆ ಒಳಗಿನ ಸಣ್ಣ ಮುಚ್ಚಳದ ಸಮೇತ ಒತ್ತಿಕೊಂಡು, ಚರ್ಮಕ್ಕೆ ಪ್ಲಾಸ್ಟಿಕ್ ತಾಗಿದ್ದನ್ನೇ ಚುಚ್ಚಿದ್ದೆಂದು ನಂಬಿದವರು. ಗುಂಡಿ ಒತ್ತುವ ಬದಲು ಹಿಂದಕ್ಕೆ ತಿರುಗಿಸಿ ಸೊನ್ನೆಗೆ ತಂದು, ಡೋಸ್ ಹೋಯಿತೆಂದುಕೊಂಡವರು. ಯಾರೊಬ್ಬರೂ ದಡ್ಡರಲ್ಲ ಎಂದು ಆ ನರ್ಸ್ ಹೇಳಿದ ಧಾಟಿ ನನಗೆ ನೆನಪಿದೆ. ತೋರಿಸಿಕೊಡುವುದಕ್ಕೆ ಹತ್ತು ನಿಮಿಷ ಬೇಕು, ಹೊರಗೆ ಸಾಲು ನಿಂತಿರುತ್ತದೆ ಎಂದರು.

40 ಮತ್ತು 100

ನಾನು ಬೆಂಗಳೂರಿಗೆ ಮರಳಿದ ಮೇಲೆ ಮಳೆಗಾಲದಲ್ಲಿ ಒಂದು ಸಂಜೆ ತಮ್ಮ ಫೋನ್ ಮಾಡಿದ. ಪೆನ್ನಿನ ಗುಂಡಿ ಸಿಕ್ಕಿಕೊಂಡಿದೆ, ತಿರುಗುತ್ತಿಲ್ಲ. ಹೊಸ ಪೆನ್ನು ಸಿಗುವುದು ನಾಳೆ. ಬೇರೆ ಕಂಪನಿಯ ಪೆನ್ನು ಪಕ್ಕದ ಮನೆಯಲ್ಲಿದೆ, ಆದರೆ ನಮ್ಮ ಕಾರ್ಟ್ರಿಜ್ ಅದಕ್ಕೆ ಕೂರುವುದಿಲ್ಲ. ಔಷಧದ ಅಂಗಡಿಯ ಹುಡುಗ ಕೆಂಪು ಮುಚ್ಚಳದ ಸಿರಿಂಜ್ ಕೊಟ್ಟು, ಕಾರ್ಟ್ರಿಜ್ಜಿನಿಂದಲೇ ಎಳೆದು 14ರ ಗೆರೆಯವರೆಗೆ ತುಂಬಿಸಿ ಕೊಡಿ ಎಂದಿದ್ದಾನೆ. ಕೊಡಲೇ?

ನನ್ನ ಎದೆ ಧಸಕ್ಕೆಂದಿತು. ನಮ್ಮ ದೇಶದಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್‌ನದ್ದು, ಕೆಂಪು ಮುಚ್ಚಳದ ಸಿರಿಂಜಿನ ಗೆರೆಗಳು ಆ ಲೆಕ್ಕಕ್ಕೆ ಹಾಕಿದವು. ಪೆನ್ನಿನ ಕಾರ್ಟ್ರಿಜ್ಜಿನಲ್ಲಿರುವುದು ಮಿಲಿಲೀಟರಿಗೆ 100. ಆ ಸಿರಿಂಜಿನಲ್ಲಿ 14ರ ಗೆರೆ ಎಂದರೆ 0.35 ಮಿಲಿಲೀಟರ್. ಕಾರ್ಟ್ರಿಜ್ಜಿನಿಂದ ಅಷ್ಟು ಎಳೆದರೆ 35 ಯೂನಿಟ್, ಹೇಳಿದ್ದರ ಎರಡೂವರೆ ಪಟ್ಟು. ಯೂನಿಟ್ ಎಂಬುದು ಔಷಧದ ಅಳತೆ, ನೀರಿನ ಅಳತೆ ಅಲ್ಲ. ಆದರೆ ಸಿರಿಂಜ್ ಬಲ್ಲದ್ದು ನೀರಿನ ಅಳತೆಯನ್ನು ಮಾತ್ರ. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆವು. ಅದೇ ಅಂಗಡಿಯಿಂದ ಅದೇ 30/70ರ 40 ಯೂನಿಟ್‌ನ ಸೀಸೆ ತಂದು, ಅದೇ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 14 ಕೊಡಿ ಎಂದರು. ಅಂಗಡಿಯ ಹುಡುಗ ಸಹಾಯ ಮಾಡಲು ಹೋಗಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ಔಷಧ ಒಂದೇ ಅಂಗಡಿಯಲ್ಲಿ ಎರಡು ತೀವ್ರತೆಗಳಲ್ಲಿ ಇರುವುದೂ, ಅವುಗಳ ನಡುವಿನ ವ್ಯತ್ಯಾಸವನ್ನು ಒಂದು ಮುಚ್ಚಳದ ಬಣ್ಣ ಕಾಯಬೇಕಾಗಿರುವುದೂ ನನ್ನನ್ನು ಹೆದರಿಸುತ್ತದೆ. ಮನೆಯಲ್ಲಿ ಪೆನ್ನು ಬಳಸುವವರು ಇನ್ನೊಂದು ಪೆನ್ನನ್ನು ಬೀರುವಿನಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಬಿಸಿಲು

ತೆರೆಯದ ಕಾರ್ಟ್ರಿಜ್ 2ರಿಂದ 8 ಡಿಗ್ರಿಯಲ್ಲಿರಬೇಕು, ಬಳಸುತ್ತಿರುವುದು 30 ಡಿಗ್ರಿಗಿಂತ ಕಡಿಮೆ ಇರುವ ಕೋಣೆಯಲ್ಲಿ ಎಂದು ಬರೆದಿರುತ್ತದೆ. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ದಾಟುತ್ತದೆ, ಕೋಣೆಯ ಒಳಗೂ 30ರ ಕೆಳಗೆ ಇಳಿಯುವುದು ಅಪರೂಪ. ಕರೆಂಟು ಹೋದರೆ ಫ್ರಿಜ್ ಒಂದು ಬೀರು ಅಷ್ಟೇ. ಮೊದಲು ಅವ್ವ ಕಾರ್ಟ್ರಿಜ್‌ಗಳನ್ನು ತಣ್ಣಗಿರಲಿ ಎಂದು ಐಸ್ ಪೆಟ್ಟಿಗೆಗೆ ತಾಗಿಸಿ ಇಡುತ್ತಿದ್ದಳು. ಅದೂ ಅಪಾಯವೇ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ಬಳಸುವಂತಿಲ್ಲ. ಈಗ ಫ್ರಿಜ್ಜಿನ ಬಾಗಿಲ ಕಡೆ ಇಡುತ್ತಾಳೆ. ಬಳಸುತ್ತಿರುವ ಪೆನ್ನಿಗೆ ಎರಡು ಮಣ್ಣಿನ ಮಡಕೆಗಳ ವ್ಯವಸ್ಥೆ ಮಾಡಿದೆವು. ದೊಡ್ಡದರೊಳಗೆ ಸಣ್ಣದು, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ. ಒಣಗಾಳಿ ನೀರನ್ನು ಹೀರಿಕೊಳ್ಳುವಾಗ ಮಡಕೆಯ ಶಾಖವನ್ನೂ ಒಯ್ಯುತ್ತದೆ. ನಮ್ಮ ಬಯಲುಸೀಮೆಗೆ ಇದು ಹೇಳಿ ಮಾಡಿಸಿದ ಉಪಾಯ. ಗಾಳಿಯಲ್ಲೇ ನೀರು ತುಂಬಿರುವ ಕರಾವಳಿಯಲ್ಲಿ ಇದರ ಫಲ ಅಷ್ಟಿಲ್ಲ. ನೀರು ಕುಡಿಯುವ ಮಡಕೆಯ ಪಕ್ಕದಲ್ಲಿ ಔಷಧದ ಮಡಕೆಯೂ ಕುಳಿತುಕೊಂಡಿದೆ. ದಿನಾ ಬೆಳಿಗ್ಗೆ ಮರಳಿಗೆ ನೀರು ಹಾಕುವ ಕೆಲಸ ತಮ್ಮನ ಮಗಳದು. ಹೊಸ ಕಾರ್ಟ್ರಿಜ್ ಹಾಕಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದೂ ಆಕೆಯೇ.

ಬಳಸಿದ ಸೂಜಿಗಳ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲಿ ಬಳಸಿದ ಸೂಜಿ, ಸಿರಿಂಜುಗಳನ್ನು ಮನೆಯ ಅಪಾಯಕಾರಿ ತ್ಯಾಜ್ಯ ಎಂದು ಗುರುತಿಸಿ, ಬೇರೆಯಾಗಿ ಕೊಡಬೇಕೆಂದು ಹೇಳಿದವು. ಎಲ್ಲಿ ಕೊಡಬೇಕೆಂದು ಊರಿನಲ್ಲಿ ಕೇಳಿದರೆ ಯಾರಿಗೂ ತಿಳಿದಿರಲಿಲ್ಲ. ಕಸ ಒಯ್ಯುವ ಹೆಂಗಸು ಚೀಲದ ಬಾಯಿ ಕಟ್ಟುವಾಗ ಬರಿಗೈಯಿಂದ ಒತ್ತುತ್ತಾಳೆ. ಅದನ್ನು ನೋಡಿದ ಮೇಲೆ ಅವ್ವ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ಕಿನ ಹಳೆಯ ಎಣ್ಣೆ ಡಬ್ಬಿಯೊಳಗೆ ಹಾಕಿ, ತುಂಬಿದ ಮೇಲೆ ಬಾಯಿಗೆ ಟೇಪು ಸುತ್ತುತ್ತಾಳೆ. ಆಸ್ಪತ್ರೆಗೆ ಹೋದಾಗ ಆ ನರ್ಸ್ ಅದನ್ನು ತೆಗೆದುಕೊಳ್ಳುತ್ತಾರೆ.

ಈ ಸಲ ಉಗಾದಿಗೆ ಊರಿಗೆ ಹೋದಾಗ ಎಚ್‌ಬಿಎ1ಸಿ 7.9 ಇತ್ತು. ಬೆಲ್ಲದ ಡಬ್ಬಿ ಅಡುಗೆಮನೆಯ ಕಪಾಟಿಗೆ ಮರಳಿದೆ. ಸಂಜೆ ಏಳಕ್ಕೆ ಅವ್ವ ದೇವರ ಮುಂದೆ ದೀಪ ಹಚ್ಚಿ, ಅಲ್ಲೇ ಕುಳಿತು ಪೆನ್ನು ಚುಚ್ಚಿಕೊಂಡು, ಕಣ್ಣು ಮುಚ್ಚಿ ಒಂದು, ಎರಡು, ಮೂರು ಎಂದು ಬಾಯಿ ಬಿಟ್ಟು ಎಣಿಸಿದಳು. ಹತ್ತಾದ ಮೇಲೆ ಸೂಜಿ ಹೊರಬಂತು, ಹನಿ ಇರಲಿಲ್ಲ. ಅಷ್ಟರಲ್ಲಿ ಹಿಂದಿನ ಓಣಿಯ ಹೆಂಗಸೊಬ್ಬರು ಬಂದರು. ಅವರಿಗೂ ಪೆನ್ನು ಶುರುವಾಗಿ ಆರು ತಿಂಗಳಾಗಿದೆ, ಶುಗರ್ ಇಳಿಯುತ್ತಿಲ್ಲ. ಮಗ ದಿನಾ ಬಯ್ಯುತ್ತಾನಂತೆ, ಕದ್ದು ತಿನ್ನುತ್ತಾರೆ ಎಂದು. ಹೇಳುವಾಗ ಅವರ ಗಂಟಲು ಕಟ್ಟಿತು. ಅವ್ವ ನನ್ನ ಕಡೆ ನೋಡಲಿಲ್ಲ. ಅವರ ಸೆರಗಿನ ತುದಿಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದು, "ಪೆನ್ನು ತಂದಿಯೇನು? ತಾ ಇಲ್ಲಿ" ಎಂದಳು. ಮುಚ್ಚಳ ತೆಗೆದು, ಕಾರ್ಟ್ರಿಜ್ಜನ್ನು ದೀಪದ ಬೆಳಕಿಗೆ ಹಿಡಿದಳು. ಒಳಗೆ ಕಡಲೆಕಾಳಿನಷ್ಟು ದೊಡ್ಡ ಗಾಳಿಗುಳ್ಳೆ ನಿಂತಿತ್ತು.